ಶಾಫ್ಟ್ ಡ್ರೈವ್ ಗಾಡಿ, ಕಾಸರಗೋಡಿನ ಮಳೆ, ಮತ್ತೆ ನಾನು ಬಿಚ್ಚಿ ನೋಡಿದ್ದು

ನನ್ನ ಹತ್ರ ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯು ಆರ್ 1250 ಜಿಎಸ್ ಬೈಕ್ ಉಂಟು, ಅದರಲ್ಲಿ ಹಿಂದಿನ ಚಕ್ರ ತಿರುಗಿಸುದು ಚೈನ್ ಅಲ್ಲ, ಶಾಫ್ಟ್ ಅಂತ ಒಂದು ಲೋಹದ ದಂಡ. ನೋಡಿದವರೆಲ್ಲ ಹೇಳುವುದು ಒಂದೇ, "ನಿಮಗೆ ಸುಖ ಮಾರಾಯ್ರೆ, ಚೈನಿಗೆ ಎಣ್ಣೆ ಹಾಕುವ ರಗಳೆ ಇಲ್ಲ". ಹೌದು, ಚೈನಿನ ರಗಳೆ ಇಲ್ಲ, ಆದ್ರೆ ಚೈನ್ ಹಾಳಾದ್ರೆ ಕಣ್ಣಿಗೆ ಕಾಣ್ತದೆ ಕಿವಿಗೆ ಕೇಳ್ತದೆ, ಶಾಫ್ಟ್ ಸ್ವಿಂಗ್ ಆರ್ಮಿನ (ಹಿಂದಿನ ಚಕ್ರ ಹಿಡಿದಿರುವ ತೋಳಿನ) ಒಳಗೆ ಅಡಗಿ ಕೂತಿರ್ತದೆ, ಏನಾದ್ರೂ ಆಗಿದ್ರೆ ಬಿಚ್ಚುವವರೆಗೆ ಗೊತ್ತೇ ಆಗುದಿಲ್ಲ. ಓಡ್ತಾ ಇರುವಾಗ ಜಾಯಿಂಟ್ ಕಟ್ ಆದ್ರೆ ಹಿಂದಿನ ಚಕ್ರ ಲಾಕ್ ಆಗ್ಲಿಕ್ಕೂ ಸಾಕು.

ಶಾಫ್ಟಿನ ಎರಡು ಕಡೆ ಯೂನಿವರ್ಸಲ್ ಜಾಯಿಂಟ್ (ಬಾಗಿದ್ರೂ ತಿರುಗುವ ಕೀಲು) ಉಂಟು, ಅದರೊಳಗೆ ಸಣ್ಣ ಸಣ್ಣ ಸೂಜಿಯಂಥ ನೀಡಲ್ ಬೇರಿಂಗ್. ಇದಕ್ಕೆ ದೊಡ್ಡ ಶತ್ರು ನೀರು. ಗೇರ್‌ಬಾಕ್ಸ್ ಕಡೆ ಒಂದು, ಫೈನಲ್ ಡ್ರೈವ್ (ಹಿಂದಿನ ಚಕ್ರದ ಹತ್ರದ ಗೇರಿನ ಪೆಟ್ಟಿಗೆ) ಕಡೆ ಒಂದು ರಬ್ಬರ್ ಬೂಟ್, ಅಂದ್ರೆ ರಬ್ಬರಿನ ಮುಸುಕು ಇರ್ತದೆ, ಅದು ಸರಿಯಾಗಿ ಕೂತಿಲ್ಲದಿದ್ರೆ ಒಳಗೆ ಹೋದ ನೀರು ಹೊರಗೆ ಬರ್ಲಿಕ್ಕೆ ದಾರಿಯೇ ಇಲ್ಲ, ಅಲ್ಲೇ ನಿಂತು ಬೇರಿಂಗ್ ತುಕ್ಕು ಹಿಡೀತದೆ. ನಮ್ಮಲ್ಲಿ ಜೂನ್‌ನಿಂದ ಸಪ್ಟೆಂಬರ್‌ವರೆಗೆ ಮಳೆ ಹೇಗೆ ಹೊಡೀತದೆ ಅಂತ ಬದಿಯಡ್ಕ ಮುಳ್ಳೇರಿಯ ಕಡೆಯವರಿಗೆ ಹೇಳ್ಬೇಕಾಗಿಲ್ಲ. ಆದ್ರೆ ನನ್ನ ಲೆಕ್ಕದಲ್ಲಿ ಮಳೆಗಿಂತ ಡೇಂಜರ್ ವಾಟರ್ ಸರ್ವಿಸ್, ಮಣ್ಣು ಹೋಗ್ಲಿ ಅಂತ ಪ್ರೆಶರ್ ಗನ್ ತಂದು ಸೀದಾ ಬೂಟಿನ ಅಂಚಿಗೇ ಹಿಡೀತಾರೆ.

ಕಂಪೆನಿಯ ಕವರೇಜ್ ವಿಷಯ ಹೇಳ್ತೇನೆ. 2022ರಲ್ಲಿ ಬಿಎಂಡಬ್ಲ್ಯು ವಾಟರ್ ಕೂಲ್ಡ್ ಬಾಕ್ಸರ್ ಇಂಜಿನಿನ (ಎರಡು ಬದಿಗೂ ಸಿಲಿಂಡರ್ ಚಾಚಿರುವ) ಜಿಎಸ್ ಗಾಡಿಗಳ, ಅಂದ್ರೆ ನನ್ನದರಂಥವುಗಳ ಶಾಫ್ಟಿಗೆ ಒಂದು ಸರ್ವಿಸ್ ಕ್ಯಾಂಪೇನ್ ಶುರು ಮಾಡಿತು, ನಡುವೆ ಚೆಕ್ ಮಾಡುದು, 60,000 ಕಿ.ಮೀ. ಆದಾಗ ಶಾಫ್ಟನ್ನೇ ಫ್ರೀಯಾಗಿ ಬದಲಿಸಿ ಕೊಡುದು. ಇದೆಲ್ಲ ಚಾಸಿಸ್ ನಂಬರ್ ನೋಡಿ ಮಾಡುವ ಕೆಲಸ. ಹಾಗಾಗಿ ಸೆಕೆಂಡ್ ಓನರ್ ಆದ್ರೆ ಮೊದಲು ಆ ನಂಬರ್ ಕೊಟ್ಟು "ಇದರ ಮೇಲೆ ಏನೇನು ಬಾಕಿ ಉಂಟು, ಶಾಫ್ಟ್ ಯಾವಾಗಾದ್ರೂ ಬದಲಾಗಿದ್ಯಾ" ಅಂತ ಸರ್ವಿಸ್ ಸೆಂಟರಿನಲ್ಲಿ ಕೇಳ್ಬೇಕು, ಬಾಯಿಮಾತು ಬೇಡ, ಜಾಬ್ ಕಾರ್ಡಿನಲ್ಲಿ ಬರೆಸಿ. ನಾನು ಕೇಳಿದೆ, ನನ್ನದರಲ್ಲಿ ಇನ್ನೂ ಹಳೇ ಶಾಫ್ಟೇ, 60,000ಕ್ಕೆ ದೂರ ಉಂಟು. ಅಲ್ಲಿವರೆಗೆ ಕಣ್ಣು ಮುಚ್ಚಿ ಓಡಿಸ್ಲಿಕ್ಕೆ ಮನಸ್ಸು ಬರ್ಲಿಲ್ಲ. ವಾರಂಟಿ ಹೇಗೂ ಮುಗಿದಿತ್ತು, ವಾರಂಟಿ ಇರುವವರು ನನ್ನ ಹಾಗೆ ಮನೇಲಿ ಬಿಚ್ಚುದು ಬೇಡ, ಅವರ ಕೈಯಲ್ಲೇ ಮಾಡಿಸಿ.

ಮಳೆ ಬಿಟ್ಟ ಮೇಲೆ ಶೆಡ್ಡಿನಲ್ಲಿ ಸೆಂಟರ್ ಸ್ಟ್ಯಾಂಡ್ ಹಾಕಿದೆ. ಬಿಚ್ಚುವ ಮೊದಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು, ಮತ್ತೆ ಎಡ ಬಲ ಹಿಡಿದು ಅಲ್ಲಾಡಿಸಿ ನೋಡ್ಬೇಕು, ಕಟಕಟ ಅಂದ್ರೆ ಬೇರಿಂಗಿನಲ್ಲಿ ಪ್ಲೇ (ಸಡಿಲ) ಉಂಟು ಅಂತ. ಗೇರಲ್ಲಿಟ್ಟು ಚಕ್ರ ಹಿಂದೆ ಮುಂದೆ ತಿರುಗಿಸಿದಾಗ ಸ್ವಲ್ಪ ಆಟ ಇದ್ದೇ ಇರ್ತದೆ, ಅದಕ್ಕೆ ಹೆದರ್ಬೇಡಿ. ಚಕ್ರ ತೆಗೆದೆ, ಫೈನಲ್ ಡ್ರೈವಿನ ಆಯಿಲ್ ಇಳಿಸಿದೆ, ಡ್ರೈನ್ ಬೋಲ್ಟಿನ ಮ್ಯಾಗ್ನೆಟಿಗೆ ಬೂದು ಬಣ್ಣದ ಪೇಸ್ಟ್ ಹಿಡಿದಿತ್ತು, ಅದು ನಾರ್ಮಲ್, ತುಂಡು ತುಂಡು ಲೋಹ ಇದ್ರೆ ಮಾತ್ರ ತಲೆಬಿಸಿ. ಆಮೇಲೆ ಎಬಿಎಸ್ ಸೆನ್ಸರ್ ಬಿಡಿಸಿ, ಬ್ರೇಕ್ ಕ್ಯಾಲಿಪರನ್ನು ಹಗ್ಗದಲ್ಲಿ ಕಟ್ಟಿ (ಬ್ರೇಕ್ ಹೋಸಲ್ಲಿ ನೇತಾಡ್ಲಿಕ್ಕೆ ಬಿಡ್ಬಾರ್ದು), ಫೈನಲ್ ಡ್ರೈವಿನ ಅಡಿಗೆ ಅಡಿಕೆ ಮರದ ಸಲಕೆ ಕೊಟ್ಟು ಪ್ಯಾರಾಲಿವರ್ ಸ್ಟ್ರಟ್ಟಿನ (ಫೈನಲ್ ಡ್ರೈವನ್ನು ಹಿಡಿದಿರುವ ಸಲಾಕೆಯ) ಬೋಲ್ಟ್ ತೆಗೆದ್ರೆ ಇಡೀ ಹೌಸಿಂಗ್ ಮೆಲ್ಲ ಕೆಳಗೆ ಬಾಗ್ತದೆ, ಶಾಫ್ಟ್ ಕಣ್ಣೆದುರು.

ಬೂಟಿನೊಳಗೆ ಬೆರಳು ಹಾಕಿದೆ, ಮಜ್ಜಿಗೆಯ ಹಾಗೆ ಬೆಳ್ಳಗಿನ ನೀರು ಮಿಕ್ಸ್ ಆದ ಗ್ರೀಸ್, ಬೂಟಿನ ತುಟಿಯಲ್ಲಿ ಸಣ್ಣ ಮಣ್ಣು. ಪ್ರೆಶರ್ ಗನ್ನಿನ ಕೆಲಸವೇ. ಪುಣ್ಯಕ್ಕೆ ಜಾಯಿಂಟ್ ಚೆನ್ನಾಗಿತ್ತು. ಇಲ್ಲಿ ಅವಸರ ಮಾಡ್ಬೇಡಿ, ಜಾಯಿಂಟನ್ನು ಕೈಯಲ್ಲಿ ಹಿಡಿದು ನಾಲ್ಕೂ ದಿಕ್ಕಿಗೆ ನಿಧಾನ ಬಾಗಿಸಿ, ಎಲ್ಲಿಯೂ ಬಿಗಿ ಆಗ್ಬಾರ್ದು, ನಡುವಲ್ಲಿ ಕಚಕ್ ಅಂತ ಕಚ್ಚಿ ನಿಲ್ಬಾರ್ದು. ಬೇರಿಂಗ್ ಕೂರುವ ಸಣ್ಣ ಬಟ್ಟಲಿನ (ಕಪ್) ಅಂಚಲ್ಲಿ ಕೆಂಪು ತುಕ್ಕಿನ ಪುಡಿ ಕಂಡ್ರೆ ಒಳಗೆ ಗ್ರೀಸ್ ಹೋಗಿದೆ ಅಂತಲೇ ಲೆಕ್ಕ, ಅಂಥ ಶಾಫ್ಟಿಗೆ ಹೊರಗಿನಿಂದ ಎಂಥ ಎಣ್ಣೆ ಬಿಟ್ರೂ ಪ್ರಯೋಜನ ಇಲ್ಲ. ಶಾಫ್ಟಿನ ತುದಿಯಲ್ಲಿರುವ ಸ್ಪ್ಲೈನಿನ (ಒಂದಕ್ಕೊಂದು ಕಚ್ಚಿ ಕೂರುವ ಉದ್ದುದ್ದ ಗೀರಿನ) ಹಲ್ಲು ಚೂಪಾಗಿದ್ರೆ ಸವೆದಿದೆ ಅಂತ.

ಶಾಫ್ಟನ್ನು ಪೂರ್ತಿ ಹೊರಗೆ ಎಳೆಯುವ ಮೊದಲು ಮಗಳ ನೈಲ್ ಪಾಲಿಶಿನಲ್ಲಿ ಶಾಫ್ಟಿಗೂ ಅದು ಕೂರುವ ಜಾಗಕ್ಕೂ ಗೆರೆ ಹಾಕಿದೆ, ಯಾಕಂದ್ರೆ ಎರಡು ಜಾಯಿಂಟಿನ ಲೈನ್ ತಪ್ಪಿದ್ರೆ ತಿರುಗುವ ಸ್ಪೀಡ್ ಹೆಚ್ಚು ಕಮ್ಮಿಯಾಗಿ ವೈಬ್ರೇಶನ್ ಬರ್ತದೆ. ಎಲ್ಲ ಒರೆಸಿ ಒಣಗಿಸಿ ಸ್ಪ್ಲೈನಿಗೆ ಮೋಲಿ ಪೇಸ್ಟ್ (ಮಾಲಿಬ್ಡಿನಮ್ ಇರುವ ಗ್ರೀಸ್) ತೆಳುವಾಗಿ ಹಚ್ಚಿದೆ, ಬೂಟ್ ತುಂಬ ಗ್ರೀಸ್ ತುಂಬಿಸುವವರೂ ಇದ್ದಾರೆ, ನನಗೆ ಅದು ಸರಿ ಕಾಣುದಿಲ್ಲ, ಮುಂದಿನ ಸಲ ಬಿಚ್ಚಿದಾಗ ಏನೂ ಗೊತ್ತಾಗುದಿಲ್ಲ. ವಾಪಸ್ ಕೂರಿಸುವಾಗ ಅರ್ಧಕ್ಕರ್ಧ ಟೈಮ್ ಹೋದದ್ದು ಬೂಟಿಗೆ, ತುಟಿ ಗ್ರೂವಿನೊಳಗೆ ಸುತ್ತಲೂ ಕೂತಿದ್ಯಾ ಅಂತ ಬೆರಳಾಡಿಸಿ ನೋಡ್ಬೇಕು, ಮೇಲ್ಗಡೆ ಕಾಣುದಿಲ್ಲ, ಅಲ್ಲೇ ತಪ್ಪುದು. ಹೊಸ ಆಯಿಲ್ ಮ್ಯಾನ್ಯುವಲಿನಲ್ಲಿ ಹೇಳಿದಷ್ಟೇ, ಚಕ್ರದ ಐದು ಬೋಲ್ಟ್ ಟಾರ್ಕ್ ರೆಂಚಿನಲ್ಲಿ ಎದುರು ಬದುರು 60 ನ್ಯೂಟನ್ ಮೀಟರ್.

ಪ್ರತಿ ಹಂತದ್ದೂ ಫೋಟೋ ತೆಗೆದೆ, ಮೀಟರಿನ ರೀಡಿಂಗ್ ಸಮೇತ, ನಾಳೆ ಕವರೇಜ್ ಕೇಳುವಾಗ ಕೈಯಲ್ಲಿ ದಾಖಲೆ ಇರ್ಲಿ ಅಂತ. ವಾಟರ್ ಸರ್ವಿಸಿಗೆ ಕೊಡುದು ಬಿಟ್ಟಿದ್ದೇನೆ, ಮನೆಯ ಪೈಪೇ ಸಾಕು.