ಎರಡು ಡ್ವಾರ್ಫ್ ಹ್ಯಾಮ್‌ಸ್ಟರ್ ಒಂದೇ ಕೇಜ್‌ನಲ್ಲಿದ್ದರೆ: ಕಾಯಿಲೆ ಯಾವುದು, ಜಗಳ ಯಾವುದು

ನಮ್ಮ ಮನೆಯಲ್ಲಿ ಡ್ವಾರ್ಫ್, ಅಂದರೆ ಪುಟ್ಟ ಜಾತಿಯ ಹ್ಯಾಮ್‌ಸ್ಟರ್ ಎರಡಿದ್ದವು, ಎಳ್ಳು ಮತ್ತು ಬೆಲ್ಲ. ಅಕ್ಕ ತಂಗಿ, ಒಂದೇ ಸೂಲಿನವು. ಸಂಕ್ರಾಂತಿ ಹೊತ್ತಿಗೆ ತಂದಿದ್ದಕ್ಕೆ ಮಗಳು ಆ ಹೆಸರಿಟ್ಟಳು. ನಾಲ್ಕು ತಿಂಗಳು ಒಂದರ ಮೇಲೊಂದು ಬಿದ್ದುಕೊಂಡು ಮಲಗುತ್ತಿದ್ದವು. ಆಮೇಲೆ ಎಳ್ಳು ಸೊರಗತೊಡಗಿತು. ಬಟ್ಟಲಲ್ಲಿ ಕಾಳು ಯಾವಾಗಲೂ ಇರುತ್ತಿತ್ತು, ನೀರಿತ್ತು, ಮೈಮೇಲೆ ಒಂದು ಗಾಯವೂ ಇರಲಿಲ್ಲ. ಹೊಟ್ಟೆಯಲ್ಲಿ ಏನೋ ತೊಂದರೆ ಇರಬೇಕು ಅಂದುಕೊಂಡೆ. ಒಂದು ರಾತ್ರಿ 11 ಗಂಟೆಗೆ ಲೈಟ್ ಆರಿಸಿ, ಪಕ್ಕದ ರೂಮಿಂದ ಬರುವ ಬೆಳಕಲ್ಲಿ ಸುಮ್ನೆ ಕೂತು ನೋಡಿದೆ. ಎಳ್ಳು ಬಟ್ಟಲ ಹತ್ತಿರ ಬಂದ ಕೂಡಲೇ ಬೆಲ್ಲ ಎಲ್ಲಿದ್ದರೂ ಓಡಿ ಬಂದು ಅಡ್ಡ ನಿಲ್ಲುತ್ತಿತ್ತು. ಕಚ್ಚುತ್ತಿರಲಿಲ್ಲ, ಕಿರುಚುತ್ತಿರಲಿಲ್ಲ. ಬರೀ ನಿಲ್ಲುತ್ತಿತ್ತು. ಎಳ್ಳು ಕಿವಿ ಮಡಚಿಕೊಂಡು ಹಿಂದೆ ಸರಿದು ಮೂಲೆ ಸೇರುತ್ತಿತ್ತು. ಅರ್ಧ ಗಂಟೆಯಲ್ಲಿ ಆರು ಸಲ ಇದೇ ಆಯಿತು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಒಟ್ಟಿಗೆ ಇರುವ ಹ್ಯಾಮ್‌ಸ್ಟರ್‌ಗಳಲ್ಲಿ ಒಂದು ಸಪ್ಪಗಾದರೆ ನಾವು ಮೊದಲು ಔಷಧಿ ಹುಡುಕುತ್ತೇವೆ, ಪಕ್ಕದಲ್ಲಿರುವ ಇನ್ನೊಂದರ ಕಡೆ ನೋಡುವುದೇ ಇಲ್ಲ. ಇದು ಉಲ್ಟಾನೂ ಆಗುತ್ತದೆ. ಇಷ್ಟು ದಿನ ಚೆನ್ನಾಗಿದ್ದವು ಇದ್ದಕ್ಕಿದ್ದಂತೆ ಕಿತ್ತಾಡಿದರೆ, ಎರಡರಲ್ಲಿ ಒಂದಕ್ಕೆ ಮೈ ಸರಿ ಇಲ್ಲದೇ ಇರಬಹುದು. ಕಾಯಿಲೆ ಬಂದಾಗ ಮೈ ವಾಸನೆ ಬದಲಾಗುತ್ತದೆ, ಶಕ್ತಿ ಕುಂದುತ್ತದೆ, ಇನ್ನೊಂದು ಅದನ್ನು ಸಹಿಸುವುದಿಲ್ಲ.

ಮೊದಲು ನಿಮ್ಮ ಹತ್ತಿರ ಇರುವುದು ಯಾವ ಜಾತಿ ಅಂತ ಗೊತ್ತು ಮಾಡಿಕೊಳ್ಳಿ. ದೊಡ್ಡದಾಗಿ, ಬಂಗಾರದ ಬಣ್ಣದಲ್ಲಿ, ನೂರು ಗ್ರಾಂ ದಾಟಿ ತೂಗುವುದು ಸಿರಿಯನ್ ಹ್ಯಾಮ್‌ಸ್ಟರ್. ಅದು ಒಂಟಿ ಪ್ರಾಣಿ. ಎರಡನ್ನು ಒಟ್ಟಿಗೆ ಹಾಕಲೇಬೇಡಿ, ದೊಡ್ಡವಾದ ಮೇಲೆ ಒಂದು ಇನ್ನೊಂದನ್ನು ಕೊಲ್ಲುವವರೆಗೂ ಹೋಗುತ್ತದೆ. ಬಾಲ ಸ್ವಲ್ಪ ಉದ್ದವಾಗಿ ಕಾಣುವ ಚೈನೀಸ್ ಹ್ಯಾಮ್‌ಸ್ಟರ್‌ಗೂ ಇದೇ ಮಾತು. ಒಟ್ಟಿಗೆ ಇರುವ ಸಾಧ್ಯತೆ ಇರುವುದು ಮೂರು ಡ್ವಾರ್ಫ್ ಜಾತಿಗಳಿಗೆ ಮಾತ್ರ: ಕ್ಯಾಂಪ್‌ಬೆಲ್ಸ್, ವಿಂಟರ್ ವೈಟ್, ರೊಬೊರೊವ್ಸ್ಕಿ. ಇವು ಮಂಗೋಲಿಯಾ, ಸೈಬೀರಿಯಾ, ಕಝಕಿಸ್ತಾನ, ಉತ್ತರ ಚೀನಾ ಕಡೆಯ ಬಯಲು ಮತ್ತು ಮರಳುಗಾಡಿನವು. ರೊಬೊರೊವ್ಸ್ಕಿ ಎಲ್ಲಕ್ಕಿಂತ ಚಿಕ್ಕದು, 20ರಿಂದ 25 ಗ್ರಾಂ. ಉಳಿದೆರಡು 30ರಿಂದ 50 ಗ್ರಾಂ ತೂಗುತ್ತವೆ. ಅಂಗಡಿಗಳಲ್ಲಿ ಸಿಗುವುದರಲ್ಲಿ ಕ್ಯಾಂಪ್‌ಬೆಲ್ಸ್ ಮತ್ತು ವಿಂಟರ್ ವೈಟ್ ಬೆರಕೆಯವು ಜಾಸ್ತಿ. ಸಾಧ್ಯತೆ ಅಂದೆ, ಖಾತರಿ ಅನ್ನಲಿಲ್ಲ. "ಒಂದೇ ಇದ್ರೆ ಬೇಜಾರಾಗಿ ಸತ್ತೋಗುತ್ತೆ, ಜೋಡಿ ತಗೊಳ್ಳಿ" ಅಂತ ಅಂಗಡಿಯವರು ಹೇಳಿದರೆ ನಂಬಬೇಡಿ. ಒಂಟಿಯಾಗಿರುವ ಡ್ವಾರ್ಫ್ ಬೇಜಾರಿಂದ ಸಾಯುವುದಿಲ್ಲ. ಜೊತೆಯದರ ಹೆದರಿಕೆಯಲ್ಲಿ ಬದುಕುವ ಡ್ವಾರ್ಫ್ ನಿಜಕ್ಕೂ ಸೊರಗಿ ಸಾಯುತ್ತದೆ.

ಜೋಡಿಯೇ ಬೇಕು ಅಂದರೆ ಒಂದೇ ಸೂಲಿನ, ಮೊದಲಿನಿಂದ ಜೊತೆಗೇ ಬೆಳೆದ, ಎರಡೂ ಗಂಡು ಅಥವಾ ಎರಡೂ ಹೆಣ್ಣು ತನ್ನಿ. ಗುರುತು ಹಿಡಿಯುವುದನ್ನು ನೀವೇ ಕಲಿಯಿರಿ. ಮರಿಯನ್ನು ಪಾರದರ್ಶಕ ಡಬ್ಬಿಯಲ್ಲಿಟ್ಟು ಕೆಳಗಿನಿಂದ ನೋಡಿದರೆ, ಹೆಣ್ಣಿನಲ್ಲಿ ಎರಡು ದ್ವಾರಗಳು ಅಂಟಿಕೊಂಡಂತೆ ಹತ್ತಿರ ಇರುತ್ತವೆ, ಗಂಡಿನಲ್ಲಿ ನಡುವೆ ಅಂತರ ಕಾಣುತ್ತದೆ. ಇದರಲ್ಲಿ ತಪ್ಪಾದರೆ ಕಷ್ಟ ದೊಡ್ಡದು. ಗರ್ಭದ ಅವಧಿ 18ರಿಂದ 22 ದಿನ ಅಷ್ಟೇ, ಹೆತ್ತ ಒಂದು ದಿನದೊಳಗೆ ಹೆಣ್ಣು ಮತ್ತೆ ಗರ್ಭ ಕಟ್ಟಬಲ್ಲದು, ಮರಿಗಳು ಐದು ವಾರಕ್ಕೆಲ್ಲ ತಾವೇ ಮರಿ ಹಾಕುವಷ್ಟು ಬೆಳೆದುಬಿಡುತ್ತವೆ. ಗೊತ್ತಿಲ್ಲದೆ ಮರಿ ಆಗಿಬಿಟ್ಟಿದ್ದರೆ ಗಂಡನ್ನು ತಕ್ಷಣ ಬೇರೆ ಮಾಡಿ. ಹೆಣ್ಣಿಗೆ ಬೇಯಿಸಿದ ಮೊಟ್ಟೆಯ ಚೂರು ಕೊಡಿ. ಎರಡು ವಾರ ಗೂಡಿಗೆ ಕೈ ಹಾಕಬೇಡಿ. ತಾಯಿ ಗಾಬರಿಯಾದರೆ ಮರಿಗಳನ್ನು ತಿಂದುಬಿಡುತ್ತದೆ.

ಇನ್ನು ಕೇಜ್. ಜಗಳದ ಮೂಲ ಹೆಚ್ಚಾಗಿ ಇಲ್ಲೇ ಇರುತ್ತದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಕಂಬಿಯ, ಎರಡು ಮಹಡಿಯ ಪುಟ್ಟ ಕೇಜ್ ಒಂದಕ್ಕೇ ಸಾಲದು. ಎರಡಕ್ಕೆ ಕಡಿಮೆ ಅಂದರೂ 100 ಸೆಂಟಿಮೀಟರ್ ಉದ್ದ, 50 ಸೆಂಟಿಮೀಟರ್ ಅಗಲದ ಒಂದೇ ನೆಲ ಬೇಕು. ಹಳೆ ಅಕ್ವೇರಿಯಂ ಆಗುತ್ತದೆ, ಬಡಗಿ ಹತ್ತಿರ ಮಾಡಿಸಿದ ಪೆಟ್ಟಿಗೆಗೆ ಮೇಲೆ ಜಾಲರಿ ಹಾಕಿದರೂ ಆಗುತ್ತದೆ. ಮಹಡಿ, ಪೈಪು ಬೇಡ. ಜೋರಿರುವುದು ಒಂದು ಮಹಡಿ ಹಿಡಿದುಕೊಂಡು ಕೂತರೆ ಇನ್ನೊಂದಕ್ಕೆ ದಾರಿಯೇ ಇರುವುದಿಲ್ಲ. ಎಲ್ಲವೂ ಎರಡೆರಡು ಇಡಿ: ನೀರಿನ ಬಾಟಲಿ ಎರಡು, ವೀಲ್ ಎರಡು, ಮಲಗುವ ಮನೆ ಎರಡು, ಮತ್ತೆ ಅವು ಬೇರೆ ಬೇರೆ ಮೂಲೆಯಲ್ಲಿ. ವೀಲ್, ಅಂದರೆ ಅವು ಓಡುವ ಚಕ್ರ, 20 ಸೆಂಟಿಮೀಟರ್ ವ್ಯಾಸದ್ದು, ಕಂಬಿ ಇಲ್ಲದ ಗಟ್ಟಿ ನೆಲದ್ದು ಇರಲಿ. ಮನೆಗೆ ಎರಡು ಬಾಗಿಲು ಇರಲೇಬೇಕು. ಒಂದೇ ಬಾಗಿಲಿದ್ದರೆ ಬೆನ್ನಟ್ಟಿಸಿಕೊಂಡು ಒಳಗೆ ಹೋದದ್ದು ಸಿಕ್ಕಿಹಾಕಿಕೊಳ್ಳುತ್ತದೆ. ನಾನು ಮೊಸರಿನ ಮಣ್ಣಿನ ಕುಡಿಕೆ ತಗೊಂಡು, ತಳ ಒಡೆದು, ಅಂಚನ್ನು ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿ ಅಡ್ಡ ಮಲಗಿಸಿದೆ. ಬೇಸಿಗೆಗೂ ತಂಪು.

ಬೆಡ್ಡಿಂಗ್, ಅಂದರೆ ಕೇಜ್ ನೆಲಕ್ಕೆ ಹಾಕುವ ಹಾಸು, ಒಂದು ಗೇಣಾದರೂ ಆಳ ಇರಲಿ, ಇವು ನೆಲ ಕೊರೆಯುವ ಪ್ರಾಣಿಗಳು. ಅಗೆಯೋಕೆ ಜಾಗ ಇದ್ದರೆ ಒಂದನ್ನೊಂದು ತಪ್ಪಿಸಿಕೊಂಡು ಇರಬಹುದು. ಸಾಮಿಲ್‌ನ ಪುಡಿ ಹೊಟ್ಟು ಬೇಡ, ಧೂಳು ಶ್ವಾಸಕ್ಕೆ ಹೋಗುತ್ತದೆ. ಅಚ್ಚಿಲ್ಲದ ಕಾಗದದ ಚೂರು, ಒಣ ಹುಲ್ಲು, ಟಿಶ್ಯೂ ಸಾಕು. ಹತ್ತಿ ಬೇಡ, ಎಳೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಮೈ ಉಜ್ಜಿಕೊಳ್ಳಲು ಒಂದು ಅಗಲದ ತಟ್ಟೆಯಲ್ಲಿ ಮರಳು ಇಡಿ. ಹೊಳೆ ಮರಳನ್ನು ಜರಡಿ ಹಿಡಿದು, ತೊಳೆದು, ಬಾಣಲೆಯಲ್ಲಿ ಹುರಿದು ಆರಿಸಿ ಹಾಕಿ. ಎಂ-ಸ್ಯಾಂಡ್ ಬೇಡವೇ ಬೇಡ, ಕಲ್ಲು ಪುಡಿ ಮಾಡಿದ್ದರಿಂದ ಚೂಪಾಗಿರುತ್ತದೆ. ವಾರವಾರ ಇಡೀ ಕೇಜ್ ಖಾಲಿ ಮಾಡಿ ಫಿನಾಯಿಲ್ ಹಾಕಿ ತೊಳೆಯುವವರಿದ್ದಾರೆ. ಹಾಗೆ ಮಾಡಿದರೆ ಅವುಗಳ ವಾಸನೆಯ ಗುರುತೆಲ್ಲ ಹೋಗಿ, ಆವತ್ತೇ ರಾತ್ರಿ ಜಗಳ ಶುರುವಾಗುತ್ತದೆ. ಒದ್ದೆಯಾದ ಮೂಲೆಯನ್ನಷ್ಟೇ ತೆಗೆದು, ಹಳೆ ಬೆಡ್ಡಿಂಗ್ ಮುಕ್ಕಾಲು ಪಾಲು ಹಾಗೇ ಬಿಡಿ.

ಆಹಾರವನ್ನು ಬಟ್ಟಲಲ್ಲಿ ಹಾಕುವುದು ಬಿಟ್ಟು ಕೇಜ್ ತುಂಬ ಎರಚಿ. ಕಾಯೋಕೆ ಬಟ್ಟಲೇ ಇಲ್ಲದಿದ್ದರೆ ಒಬ್ಬರೇ ಯಜಮಾನಿಕೆ ಮಾಡೋಕೆ ಆಗಲ್ಲ, ಅಲ್ವಾ? ನಮ್ಮಲ್ಲಿ ಸಿಗುವ ನವಣೆ, ಸಾಮೆ, ಸಜ್ಜೆ, ರಾಗಿ ಇವಕ್ಕೆ ಒಳ್ಳೆಯ ಆಹಾರ. ಸೂರ್ಯಕಾಂತಿ ಬೀಜ ದಿನಕ್ಕೆ ಒಂದೋ ಎರಡೋ ಸಾಕು.

ಈಗ ಜಗಳದ ವಿಷಯ. ಎಲ್ಲ ಕಿಚಿಕಿಚಿಯೂ ಜಗಳವಲ್ಲ. ಒಂದು ಅಂಗಾತ ಬಿದ್ದು ಕೀಚ್ ಅನ್ನುತ್ತದೆ, ಇನ್ನೊಂದು ಮೂಸಿ ಬಿಟ್ಟು ಹೋಗುತ್ತದೆ, ಹತ್ತು ನಿಮಿಷಕ್ಕೆ ಒಟ್ಟಿಗೆ ಮಲಗುತ್ತವೆ. ಇದಕ್ಕೆ ನೀವು ಮಧ್ಯೆ ಹೋಗಬೇಡಿ. ಬೆನ್ನಟ್ಟುವುದು ನಿಲ್ಲದೇ ಇದ್ದರೆ, ಒಂದು ಯಾವಾಗಲೂ ಓಡುವುದೇ ಆಗಿದ್ದರೆ, ಬೇರೆ ಬೇರೆ ಮಲಗಲು ಶುರು ಮಾಡಿದರೆ, ಒಂದು ಹಗಲಲ್ಲೂ ಬಯಲಿಗೆ ಬಂದು ಕೂರುತ್ತಿದ್ದರೆ, ಅಥವಾ ಬಾಲದ ಬುಡ, ಹಿಂಭಾಗ, ಕಿವಿಯಲ್ಲಿ ಸಣ್ಣ ಗಾಯ ಕಂಡರೆ ಬೇರೆ ಮಾಡುವ ಕಾಲ ಬಂತು ಅಂತ. ಎರಡೂ ಉಂಡೆಯಾಗಿ ಉರುಳುತ್ತಾ ಕಿರುಚಿದರೆ ಒಂದು ಕ್ಷಣವೂ ಕಾಯಬೇಡಿ. ಬರಿಗೈ ಹಾಕಬೇಡಿ, ರಕ್ತ ಬರುವಂತೆ ಕಚ್ಚುತ್ತವೆ. ನಡುವೆ ಒಂದು ರಟ್ಟು ಇಳಿಸಿ, ಒಂದನ್ನು ಲೋಟದಲ್ಲಿ ಎತ್ತಿಕೊಳ್ಳಿ. ರಕ್ತ ಬಂದ ಮೇಲೆ ಮತ್ತೆ ಸೇರಿಸುವ ಮಾತೇ ಇಲ್ಲ. ನಾಲ್ಕು ದಿನ ಬಿಟ್ಟರೆ ಸರಿಹೋಗುತ್ತವೆ ಅಂತ ಸೇರಿಸಿ, ಬೆಳಿಗ್ಗೆ ಎದ್ದಾಗ ಒಂದು ಸತ್ತು ಬಿದ್ದಿದ್ದನ್ನು ನೋಡಿದವರು ನಮ್ಮ ನೆಂಟರಲ್ಲೇ ಇದ್ದಾರೆ. ಅದಕ್ಕೆ ಜೋಡಿ ತರುವ ದಿನವೇ ಎರಡನೇ ಕೇಜ್ ತಂದಿಡಿ. ಅದಕ್ಕೆ ಜಾಗ, ದುಡ್ಡು ಇಲ್ಲ ಅಂದರೆ ಒಂದನ್ನೇ ತನ್ನಿ.

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದೆಯಲ್ಲ, ಅದು ಇಲ್ಲಿ ಎಲ್ಲಕ್ಕಿಂತ ಉಪಯೋಗದ ವಸ್ತು. ವಾರಕ್ಕೊಂದು ದಿನ, ಒಂದೇ ಹೊತ್ತಿಗೆ ಎರಡನ್ನೂ ತೂಗಿ ಕ್ಯಾಲೆಂಡರ್‌ನಲ್ಲಿ ಬರೆಯಿರಿ. 40 ಗ್ರಾಂ ಇದ್ದದ್ದು 36ಕ್ಕೆ ಇಳಿದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ಅದು ಹತ್ತರಲ್ಲಿ ಒಂದು ಪಾಲು. ಒಂದು ಇಳಿಯುತ್ತಾ ಇನ್ನೊಂದು ಏರುತ್ತಿದ್ದರೆ ಊಟ ಕಿತ್ತುಕೊಳ್ಳುತ್ತಿದೆ ಅಂತ ಅನುಮಾನಿಸಿ. ಎಳ್ಳು 28 ಗ್ರಾಂ ಆಗಿತ್ತು. ಬೇರೆ ಕೇಜ್‌ಗೆ ಹಾಕಿದೆ, ಅದೇ ಕಾಳು, ಅದೇ ನೀರು. ಮೂರು ವಾರಕ್ಕೆ 36 ಆಯಿತು. ಯಾವ ಔಷಧಿಯೂ ಕೊಡಲಿಲ್ಲ.

ಈ ಬೇರೆ ಇಟ್ಟು ನೋಡುವ ಉಪಾಯ ಬೇರೆ ಕಡೆಯೂ ಕೆಲಸಕ್ಕೆ ಬರುತ್ತದೆ. ಕೂದಲು ಉದುರಿದೆ ಅನ್ನಿ. ಚರ್ಮ ನುಣ್ಣಗಿದ್ದು, ಕತ್ತರಿಸಿದ ಹಾಗೆ ಕೂದಲು ಮಾತ್ರ ಇಲ್ಲದಿದ್ದರೆ ಜೊತೆಯದು ಕಡಿದಿರಬಹುದು. ಬೇರೆ ಇಟ್ಟ ಮೇಲೆ ಬೆಳೆಯುತ್ತದೆ. ಚರ್ಮ ಒಣಗಿ, ಹೊಟ್ಟು ಎದ್ದು, ಕೆರೆದುಕೊಳ್ಳುತ್ತಿದ್ದರೆ ನುಸಿ ಇರಬಹುದು, ಡಾಕ್ಟರ್ ನೋಡಬೇಕು. ಹೊಟ್ಟೆಯ ನಡುವೆ ಹಳದಿ ಬಣ್ಣದ ಬೋಳು ಚುಕ್ಕೆ ಕಂಡು ಗಾಯ ಅಂತ ಹೆದರುವವರು ಬಹಳ. ಅದು ವಾಸನೆಯ ಗ್ರಂಥಿ, ಡ್ವಾರ್ಫ್‌ಗಳಿಗೆ ಅಲ್ಲೇ ಇರುತ್ತದೆ, ಗಂಡಿಗೆ ಹೆಚ್ಚು ಕಾಣುತ್ತದೆ. ಊದಿ ಕೆಂಪಾಗದಿದ್ದರೆ ಮುಟ್ಟಬೇಡಿ.

ಸಕ್ಕರೆ ಕಾಯಿಲೆ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಕ್ಯಾಂಪ್‌ಬೆಲ್ಸ್ ಮತ್ತು ಬೆರಕೆಗಳಲ್ಲಿ ಇದು ವಂಶದಲ್ಲೇ ಬರುತ್ತದೆ. ನೀರು ಬಹಳ ಕುಡಿಯುವುದು, ಮೂಲೆ ಸದಾ ಒದ್ದೆ, ತಿಂದರೂ ಸೊರಗುವುದು ಇದರ ಲಕ್ಷಣ. ಆರೋಗ್ಯವಾಗಿರುವ ಡ್ವಾರ್ಫ್ ದಿನಕ್ಕೆ ಕುಡಿಯುವುದು ಸುಮಾರು ಒಂದು ಟೀ ಚಮಚ, 5 ಮಿಲಿ. ಎರಡು ಒಟ್ಟಿಗಿದ್ದರೆ ಕುಡಿದದ್ದು ಯಾವುದು ಅಂತ ಗೊತ್ತಾಗುವುದಿಲ್ಲ, ಅದಕ್ಕೆ ಒಂದು ದಿನ ಬೇರೆ ಇಟ್ಟು, ಬಾಟಲಿಗೆ ಗುರುತು ಹಾಕಿ ಅಳೆಯಿರಿ. ಮೆಡಿಕಲ್ ಸ್ಟೋರ್‌ನಲ್ಲಿ ಮೂತ್ರದ ಸಕ್ಕರೆ ನೋಡುವ ಸ್ಟ್ರಿಪ್ ಸಿಗುತ್ತದೆ. ತೊಳೆದು ಒರೆಸಿದ ಸ್ಟೀಲ್ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಬಿಟ್ಟರೆ ಮೂತ್ರ ಮಾಡುತ್ತದೆ, ಸ್ಟ್ರಿಪ್ ಅದ್ದಿ ಬಣ್ಣ ನೋಡಿ. ಸಕ್ಕರೆ ತೋರಿಸಿದರೆ ಡಾಕ್ಟರ್ ಹತ್ತಿರ ಹೋಗಿ. ಕಾಯಿಲೆ ಇರಲಿ ಇಲ್ಲದಿರಲಿ ಬಾಳೆಹಣ್ಣು, ದ್ರಾಕ್ಷಿ, ಬಿಸ್ಕತ್ತು, ಜೇನು ಹಚ್ಚಿದ ಕಡ್ಡಿ ಕೊಡಬೇಡಿ. ಸೌತೆಕಾಯಿ ಚೂರು, ಕೊತ್ತಂಬರಿ ಎಲೆ ಸಾಕು.

ಬಾಲದ ಸುತ್ತ ಒದ್ದೆಯಾಗಿ, ಭೇದಿಯಾಗಿ, ಗೂನು ಬೆನ್ನು ಮಾಡಿ ಕೂತರೆ ಅದು ತುರ್ತು. ನಾಳೆ ನೋಡೋಣ ಅನ್ನುವ ಹಾಗಿಲ್ಲ, ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಕೂಡಲೇ ಬೇರೆ ಮಾಡಿ, ಇನ್ನೊಂದರ ಮೇಲೂ ಕಣ್ಣಿಡಿ. ಕೆನ್ನೆ ಒಂದೇ ಕಡೆ ಒಂದು ದಿನಕ್ಕಿಂತ ಹೆಚ್ಚು ಉಬ್ಬಿದ್ದರೆ ಕೆನ್ನೆಯೊಳಗೆ ಕಾಳು ತುಂಬಿಕೊಳ್ಳುವ ಚೀಲದಲ್ಲಿ ಏನೋ ಸಿಕ್ಕಿದೆ ಅಥವಾ ಕೀವು ಕಟ್ಟಿದೆ. ಹಲ್ಲು ಹಳದಿ ಇರುವುದು ಸಹಜ, ಬಾಗಿ ಬೆಳೆದರೆ ಮಾತ್ರ ತೊಂದರೆ.

ಕಚ್ಚಿದ ಗಾಯಕ್ಕೆ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ ತೊಳೆಯಿರಿ, ಅಷ್ಟೇ. ಡೆಟಾಲ್, ಮುಲಾಮು ಏನು ಹಚ್ಚಿದರೂ ನೆಕ್ಕುತ್ತವೆ. ಮೇಲೆ ಒಣಗಿದಂತೆ ಕಂಡರೂ ಒಳಗೆ ಕೀವು ತುಂಬಬಹುದು, ಒಂದು ವಾರ ದಿನವೂ ಬೆರಳಾಡಿಸಿ ಗಂಟು ಇದೆಯಾ ನೋಡಿ. ಇದೊಂದು ಮಾತು ದಯವಿಟ್ಟು ನೆನಪಿಡಿ: ಮನೆಯಲ್ಲಿ ಮಕ್ಕಳಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಒಂದು ಹನಿಯೂ ಕೊಡಬೇಡಿ. ಪೆನಿಸಿಲಿನ್ ಗುಂಪಿನ ಔಷಧಿಗಳು ಹ್ಯಾಮ್‌ಸ್ಟರ್ ಹೊಟ್ಟೆಯ ಒಳ್ಳೆಯ ಬ್ಯಾಕ್ಟೀರಿಯಾ ಕೊಂದು ಪ್ರಾಣವನ್ನೇ ತೆಗೆಯುತ್ತವೆ. ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರ್‌ಗೂ ಇವುಗಳ ಅನುಭವ ಇರುವುದಿಲ್ಲ, ಫೋನ್ ಮಾಡಿ ಕೇಳಿಕೊಂಡೇ ಹೋಗಿ. ತೋರಿಸಿಕೊಂಡು ಬಂದ ಮೇಲೆ ಜೊತೆಯದರ ಹತ್ತಿರ ನೇರ ಬಿಡಬೇಡಿ, ಕ್ಲಿನಿಕ್ ವಾಸನೆಗೆ ಅದು ಗುರುತೇ ಹಿಡಿಯದೆ ಮೇಲೆ ಬೀಳಬಹುದು. ಹಳೆ ಬೆಡ್ಡಿಂಗ್ ಹಾಕಿದ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಇಟ್ಟು, ಆಮೇಲೆ ನೀವು ನೋಡುತ್ತಿರುವಾಗಲೇ ಬಿಡಿ.

ಬೇಸಿಗೆಯಲ್ಲಿ 30 ಡಿಗ್ರಿ ದಾಟಿದರೆ ಇವಕ್ಕೆ ಕಷ್ಟ. ರಾಯಚೂರು, ಕಲಬುರಗಿ ಕಡೆಯವರು ಕೇಜ್ ಅನ್ನು ಮನೆಯ ತಂಪಾದ ಮೂಲೆಗೆ ನೆಲದ ಹತ್ತಿರ ಇಡಿ. ಒಳಗೆ ಎರಡು ಕಡೆ ಮಂಗಳೂರು ಹೆಂಚಿನ ತುಂಡು ಹಾಕಿ, ಅದರ ಮೇಲೆ ಹೊಟ್ಟೆ ಹಚ್ಚಿ ಮಲಗುತ್ತವೆ. ಒಂದೇ ತುಂಡು ಹಾಕಿದರೆ ಅದಕ್ಕೂ ಜಗಳ. ಬೀದರ್, ವಿಜಯಪುರದಲ್ಲಿ ಡಿಸೆಂಬರ್ ಬೆಳಗಿನ ಜಾವ 10 ಡಿಗ್ರಿ ಹತ್ತಿರ ಹೋದಾಗ ಮೈ ತಣ್ಣಗಾಗಿ ಮರಗಟ್ಟಿ ಬಿದ್ದಿರಬಹುದು. ಸತ್ತಿದೆ ಅಂತ ಹೂಳಬೇಡಿ. ಅಂಗೈಯಲ್ಲಿ ಮುಚ್ಚಿಕೊಂಡು ನಿಧಾನಕ್ಕೆ ಬೆಚ್ಚಗೆ ಮಾಡಿ, ಮೀಸೆ ಅಲುಗಾಡುತ್ತದಾ ನೋಡಿ.

ಇವುಗಳ ಆಯಸ್ಸು ಎರಡು ವರ್ಷ, ರೊಬೊರೊವ್ಸ್ಕಿ ಮೂರರವರೆಗೂ ಬದುಕುತ್ತದೆ. ಎರಡರಲ್ಲಿ ಒಂದು ಮೊದಲು ಹೋಗುತ್ತದೆ. ಉಳಿದದ್ದಕ್ಕೆ ಹೊಸ ಜೊತೆ ತರಬೇಡಿ, ಬೆಳೆದ ಹ್ಯಾಮ್‌ಸ್ಟರ್ ಹೊಸಬರನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಕೇಜ್ ಬದಲಾಯಿಸಬೇಡಿ, ಪೂರ್ತಿ ತೊಳೆಯಬೇಡಿ, ಕಾಳು ಎರಚುವುದು, ವಾರಕ್ಕೊಮ್ಮೆ ತೂಗುವುದು ಹಾಗೇ ನಡೆಯಲಿ. ಬೆಲ್ಲ ಸತ್ತ ವಾರ ಎಳ್ಳಿನ ತೂಕ ಒಂದು ಗ್ರಾಂ ಕೂಡ ಇಳಿಯಲಿಲ್ಲ. ಈಗಲೂ ರಾತ್ರಿ ಹತ್ತೂವರೆಗೆ ಕುಡಿಕೆಯಿಂದ ಹೊರಗೆ ಬಂದು ಮೊದಲು ವೀಲ್ ಹತ್ತುತ್ತದೆ, ಆಮೇಲೆ ನವಣೆ ಹುಡುಕುತ್ತದೆ.