ಪುಟ್ಟ ನಾಯಿಮರಿಗೆ ಫಿಟ್ಸ್ ಬಂದಾಗ: ಮೊದಲು ಸಿಹಿ, ಆಮೇಲೆ ದಾರಿ

ನಿಮ್ಮ ಮರಿ ಈಗಲೇ ಒದ್ದಾಡುತ್ತಾ ಬಿದ್ದಿದ್ದರೆ ಇಷ್ಟು ಮಾಡಿ, ಉಳಿದದ್ದು ಆಮೇಲೆ ಓದಿ. ಅದನ್ನು ನೆಲದ ಮೇಲೆ ಒಂದು ಪಕ್ಕಕ್ಕೆ ಮಲಗಿಸಿ. ಹತ್ತಿರದ ಕುರ್ಚಿ, ಮೆಟ್ಟಿಲು, ಒಲೆಯಿಂದ ದೂರ ಸರಿಸಿ. ಗಡಿಯಾರ ನೋಡಿಕೊಳ್ಳಿ. ಒದ್ದಾಟ ನಿಂತ ಕೂಡಲೇ ಗ್ಲುಕೋಸ್ ನೀರನ್ನೋ ಜೇನುತುಪ್ಪವನ್ನೋ ಬೆರಳ ತುದಿಗೆ ಹಚ್ಚಿಕೊಂಡು, ತುಟಿ ಎತ್ತಿ ಒಸಡಿಗೆ ಸವರಿ. ಬಾಯಿಗೆ ಏನನ್ನೂ ಸುರಿಯಬೇಡಿ. ಮೈ ತಣ್ಣಗಿದ್ದರೆ ಬಟ್ಟೆಯಲ್ಲಿ ಸುತ್ತಿ, ಡಾಕ್ಟರಿಗೆ ಫೋನ್ ಮಾಡುತ್ತಲೇ ಹೊರಡಿ. ಐದು ನಿಮಿಷ ಕಳೆದರೂ ಒದ್ದಾಟ ನಿಲ್ಲದಿದ್ದರೆ ಕಾಯುತ್ತಾ ಕೂರಬೇಡಿ, ಹಾಗೇ ಎತ್ತಿಕೊಂಡು ಹೊರಡಿ.

ನಾವಿರೋದು ಸಾಗರದ ಹತ್ತಿರದ ತೋಟದ ಮನೆಯಲ್ಲಿ. ದೊಡ್ಡ ಆಸ್ಪತ್ರೆ ಅಂದರೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿನದ್ದು. ಸುಮಾರು 70 ಕಿಲೋಮೀಟರ್. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಕಟ್ಟಿದರೆ ಆ ದೂರಕ್ಕೆ ಲೆಕ್ಕವೇ ಇಲ್ಲ. ಹಾಗಾಗಿ ಮನೆಯಲ್ಲಿ ಏನು ಮಾಡಬೇಕು, ಏನು ಮಾಡಬಾರದು ಅನ್ನೋದನ್ನ ಡಾಕ್ಟರ ಹತ್ತಿರ ಕೂತು ಕೇಳಿ ಕಲಿತುಕೊಂಡೆ. ನಮ್ಮ ಚುಕ್ಕಿ ಪಾಮೇರಿಯನ್ ಬೆರಕೆ. ಬಂದ ದಿನ ಅಡಿಕೆ ತೂಗುವ ತಕ್ಕಡಿಯಲ್ಲಿ ಇಟ್ಟರೆ ಮುಳ್ಳೇ ಅಲುಗಲಿಲ್ಲ. ಅಡುಗೆಮನೆಯ ಪುಟ್ಟ ತಕ್ಕಡಿಯಲ್ಲಿ 640 ಗ್ರಾಂ.

ಮೊದಲು ತಿಳಿಯಬೇಕಾದ ಮಾತು ಇದು. ಇಷ್ಟು ಸಣ್ಣ ಮರಿಗೆ ಫಿಟ್ಸ್ ಬಂದರೆ ಎಲ್ಲರೂ "ಅಯ್ಯೋ, ಮೂರ್ಛೆ ರೋಗ" ಅಂತಾರೆ. ನಾಯಿಗೂ ಮೂರ್ಛೆ ರೋಗ ಇದೆ, ನಿಜ. ಆದರೆ ಅದು ಸಾಮಾನ್ಯವಾಗಿ ಶುರುವಾಗೋದು ಆರು ತಿಂಗಳಿಂದ ಆರು ವರ್ಷದೊಳಗೆ. ಎರಡು ಮೂರು ತಿಂಗಳ ಮರಿ ಬಿದ್ದರೆ ಬೇರೆ ಕಾರಣ ಹುಡುಕಬೇಕು. ರಕ್ತದಲ್ಲಿ ಸಕ್ಕರೆ ಇಳಿದಿರಬಹುದು, ಹೊಟ್ಟೆಯಲ್ಲಿ ಹುಳು ತುಂಬಿರಬಹುದು, ವಿಷ ಸೇರಿರಬಹುದು, ವೈರಸ್ ಇರಬಹುದು. ಇದರಲ್ಲಿ ಸಕ್ಕರೆಯೊಂದೇ ನಿಮ್ಮ ಕೈಯಲ್ಲಿ ಆ ಕ್ಷಣಕ್ಕೆ ಸರಿಹೋಗುವಂಥದ್ದು. ಅದಕ್ಕೇ ಮೊದಲು ಸಿಹಿ.

ಸಕ್ಕರೆ ಯಾಕೆ ಇಳಿಯುತ್ತೆ? ಸಣ್ಣ ಜಾತಿಯ ಮರಿಯ ಮೈಯಲ್ಲಿ ಕೊಬ್ಬು ಕಡಿಮೆ, ಮಾಂಸಖಂಡವೂ ಕಡಿಮೆ. ಅದರ ಯಕೃತ್ತು ಕೂಡಿಡುವ ಸಕ್ಕರೆ ಕೆಲವೇ ಗಂಟೆಗಳಿಗೆ ಸಾಕು. ಒಂದು ಊಟ ತಪ್ಪಿದರೆ, ಚಳಿ ಹಿಡಿದರೆ, ಭೇದಿಯಾದರೆ, ಮಕ್ಕಳು ಎತ್ತಿ ಆಡಿಸಿ ಸುಸ್ತು ಮಾಡಿದರೆ ಖಜಾನೆ ಖಾಲಿ. ಹೊಸ ಮನೆಗೆ ಬಂದ ಮೊದಲ ವಾರ ಅಪಾಯ ಜಾಸ್ತಿ. ತಾಯಿ ಇಲ್ಲ, ಪ್ರಯಾಣದ ಸುಸ್ತು, ಊಟ ಬೇರೆ.

ಸಕ್ಕರೆ ಇಳಿದು ಬರುವ ಫಿಟ್ಸ್ ಸಾಮಾನ್ಯವಾಗಿ ಸುಮ್ನೆ ಬಂದುಬಿಡಲ್ಲ. ಮೊದಲೇ ಸೂಚನೆ ಕೊಡುತ್ತೆ. ಚುಕ್ಕಿಗೆ ಬಂದದ್ದು ಬೆಳಗಿನ ಜಾವ. ರೆಡ್ ಆಕ್ಸೈಡ್ ನೆಲದ ಮೇಲೆ ನಾಲ್ಕು ಹೆಜ್ಜೆ ಇಟ್ಟಳು. ಹಿಂದಿನ ಕಾಲು ಎರಡೂ ಬೇರೆ ಬೇರೆ ಕಡೆ ಜಾರಿದವು. ಎದ್ದು ಹೋಗಿ ಗೋಡೆಗೆ ಹಣೆ ಒತ್ತಿಕೊಂಡು ನಿಂತಳು. ಕಣ್ಣು ತೆರೆದೇ ಇತ್ತು, ಮುಂದೆ ಕೈ ಆಡಿಸಿದರೆ ರೆಪ್ಪೆ ಬಡಿಯಲಿಲ್ಲ. ತುಟಿ ಎತ್ತಿ ನೋಡಿದರೆ ಒಸಡು ಬಿಳಿಚಿಕೊಂಡು ತಣ್ಣಗಿತ್ತು. ಆಮೇಲೆ ಕುತ್ತಿಗೆ ಹಿಂದಕ್ಕೆ ಸೆಟೆದು ಪಕ್ಕಕ್ಕೆ ಬಿದ್ದು ಕಾಲು ಬಡಿಯತೊಡಗಿದಳು. ಈ ತೂರಾಟ, ಮಂಕು, ಕರೆದರೆ ತಿರುಗದೇ ಇರೋದು ಕಂಡಾಗಲೇ ಸಿಹಿ ಸವರಿದರೆ ಎಷ್ಟೋ ಸಲ ಫಿಟ್ಸ್‌ವರೆಗೆ ಹೋಗಲ್ಲ.

ನಿದ್ದೆಯಲ್ಲಿ ಕಾಲು ಆಡಿಸೋದು, ಮೂತಿ ಅದುರಿಸೋದು ಬೇರೆ. ಎಲ್ಲ ಮರಿಗಳೂ ಮಾಡುತ್ತವೆ. ಹೆಸರು ಹಿಡಿದು ಕರೆದರೆ ಎದ್ದು ಬಾಲ ಅಲ್ಲಾಡಿಸಿದರೆ ಅದು ಫಿಟ್ಸ್ ಅಲ್ಲ.

ಇನ್ನು ಒದ್ದಾಡುವಾಗ ಮನೆಮಂದಿಯ ಕಾಟ. ನಮ್ಮ ಅತ್ತೆ ಓಡಿ ಬಂದು, "ಈರುಳ್ಳಿ ಮೂಸಿಸು, ಕೈಗೆ ಕಬ್ಬಿಣ ಕೊಡು" ಅಂದರು. ಬೀಗದ ಕೈಗೊಂಚಲು ಅವರ ಸೊಂಟದಲ್ಲೇ ಇತ್ತು. "ಅತ್ತೆ, ಅದಕ್ಕೆ ಹಿಡಿಯೋಕೆ ಕೈ ಎಲ್ಲಿದೆ?" ಅಂದೆ. ಕಬ್ಬಿಣದಿಂದ ಮನುಷ್ಯರಿಗೂ ಉಪಯೋಗ ಇಲ್ಲ. ಈರುಳ್ಳಿ ಹೊಟ್ಟೆಗೆ ಹೋದರೆ ನಾಯಿಗೆ ವಿಷ, ರಕ್ತ ಕಣಗಳನ್ನೇ ಒಡೆಯುತ್ತೆ. ನಾಲಿಗೆ ನುಂಗಿಕೊಳ್ಳುತ್ತೆ ಅಂತ ಬಾಯಿಗೆ ಚಮಚ ತುರುಕೋದೂ ಬೇಡ. ನಾಲಿಗೆ ಯಾರೂ ನುಂಗಲ್ಲ. ನಿಮ್ಮ ಬೆರಳು ಹೋಗುತ್ತೆ, ಇಲ್ಲ ಮರಿಯ ಹಲ್ಲು. ಮುಖಕ್ಕೆ ನೀರು ಎರಚಬೇಡಿ, ಗಟ್ಟಿಯಾಗಿ ಅದುಮಿ ಹಿಡಿಯಬೇಡಿ. ಟಿವಿ ಆರಿಸಿ, ಬೆಳಕು ಕಡಿಮೆ ಮಾಡಿ. ಕೂಗಾಡುವವರನ್ನ ಹೊರಗೆ ಕಳಿಸಿ. ಒಬ್ಬರು ಫೋನಿನಲ್ಲಿ ವಿಡಿಯೋ ಮಾಡಲಿ. ಆ ಹೊತ್ತಲ್ಲಿ ವಿಡಿಯೋ ಮಾಡೋದು ಮನಸ್ಸಿಗೆ ಒಂಥರಾ ಅನಿಸುತ್ತೆ, ಆದರೂ ಮಾಡಿ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮರಿ ಸರಿಯಾಗಿ ಓಡಾಡುತ್ತಿದ್ದರೆ ಡಾಕ್ಟರಿಗೆ ನೋಡೋಕೆ ಸಿಗೋದು ಅದೊಂದೇ.

ಸಿಹಿ ಯಾವುದು? ಸಾದಾ ಗ್ಲುಕೋಸ್ ಪುಡಿ ಎಲ್ಲಕ್ಕಿಂತ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ ಸಿಗುತ್ತೆ. ಒಂದು ಚಮಚ ಪುಡಿಗೆ ಸ್ವಲ್ಪವೇ ಬೆಚ್ಚಗಿನ ನೀರು ಹಾಕಿ ಮಂದವಾಗಿ ಕಲಸಿ. ಇಲ್ಲದಿದ್ದರೆ ಜೇನು. ಅದೂ ಇಲ್ಲದಿದ್ದರೆ ಜೋನಿ ಬೆಲ್ಲ, ಸಕ್ಕರೆ ಪಾಕ. ಶುಗರ್ ಇರುವವರಿಗೆಂದು ಮಾಡಿದ ಸಿಹಿ ಮಾತ್ರ ಮುಟ್ಟಬೇಡಿ. ಅದರಲ್ಲಿ ಕ್ಸೈಲಿಟಾಲ್ ಇದ್ದರೆ ನಾಯಿಯ ಸಕ್ಕರೆ ಇನ್ನೂ ಪಾತಾಳಕ್ಕೆ ಇಳಿಯುತ್ತೆ, ಯಕೃತ್ತೂ ಹಾಳಾಗುತ್ತೆ.

ಒಸಡಿಗೆ ಸ್ವಲ್ಪ ಸವರಿ, ಒಂದೆರಡು ನಿಮಿಷ ಬಿಟ್ಟು ಮತ್ತೆ ಸವರಿ. ಸಕ್ಕರೆಯದ್ದೇ ತೊಂದರೆಯಾಗಿದ್ದರೆ ಸಾಮಾನ್ಯವಾಗಿ ಹತ್ತು ಹದಿನೈದು ನಿಮಿಷದೊಳಗೆ ಮರಿ ತಲೆ ಎತ್ತುತ್ತೆ. ಎದ್ದು ನಿಂತು, ತಾನಾಗೇ ನೆಕ್ಕುವಷ್ಟಾದ ಮೇಲೆ ಮೆತ್ತಗಿನ ಊಟ ಒಂದು ತುತ್ತು ಕೊಡಿ. ಬರೀ ಸಿಹಿ ಕೊಟ್ಟು ಬಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಮತ್ತೆ ಇಳಿಯುತ್ತೆ. ಚೇತರಿಸಿಕೊಂಡಿತು ಅಂತ ಆಸ್ಪತ್ರೆ ಬಿಡಬೇಡಿ. ಸಕ್ಕರೆ ಇಳಿದದ್ದು ಯಾಕೆ ಅಂತ ಗೊತ್ತಾಗಬೇಕಲ್ವಾ? ಅಲ್ಲಿ ರಕ್ತ ನೋಡುತ್ತಾರೆ. ಸಕ್ಕರೆ ಡೆಸಿಲೀಟರಿಗೆ 60 ಮಿಲಿಗ್ರಾಂಗಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಬೇಕಾದರೆ ನರಕ್ಕೆ ಡೆಕ್ಸ್‌ಟ್ರೋಸ್ ಕೊಡುತ್ತಾರೆ. ನಮ್ಮ ಮಾವನ ಗ್ಲುಕೋಮೀಟರ್ ಮನೆಯಲ್ಲೇ ಇದೆ. ಕಿವಿಯ ಅಂಚಿನಿಂದ ಒಂದು ಹನಿ ತೆಗೆಯೋದನ್ನ ಡಾಕ್ಟರು ತೋರಿಸಿಕೊಟ್ಟರು. ಮನುಷ್ಯರ ಮೀಟರ್ ನಾಯಿಗೆ ಸ್ವಲ್ಪ ಕಡಿಮೆಯೇ ತೋರಿಸುತ್ತೆ, ಆದರೂ ಅಂದಾಜು ಸಿಗುತ್ತೆ. ಮಾವನಿಗೆ ಇಳಿಸೋ ಚಿಂತೆ, ಇವಳಿಗೆ ಏರಿಸೋ ಚಿಂತೆ.

ಮೈ ಮುಟ್ಟಿ ನೋಡೋದು ಸಿಹಿಯಷ್ಟೇ ಮುಖ್ಯ. ನಾಯಿಯ ಮೈ ನಮಗಿಂತ ಬಿಸಿ, 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಡಿಜಿಟಲ್ ಥರ್ಮಾಮೀಟರಿನ ತುದಿಗೆ ವ್ಯಾಸಲೀನ್ ಹಚ್ಚಿ ಗುದದ್ವಾರದಲ್ಲಿ ನೋಡಬೇಕು. ಹುಟ್ಟಿದ ಮೊದಲ ವಾರ ಮರಿಯ ಮೈ ಇದಕ್ಕಿಂತ ತಣ್ಣಗೇ ಇರುತ್ತೆ. ಅದಕ್ಕೆ ತಾಯಿಯ ಬಿಸಿ ಬೇಕು. ಮರಿ ತಣ್ಣಗಾಗಿದ್ದರೆ ಮೊದಲು ನಿಧಾನವಾಗಿ ಬೆಚ್ಚಗೆ ಮಾಡಿ, ಆಮೇಲೆ ಊಟ. ತಣ್ಣಗಾದ ಹೊಟ್ಟೆಯಲ್ಲಿ ಏನೂ ಅರಗಲ್ಲ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಿ. ಬಚ್ಚಲ ಒಲೆಯ ಬಾಯಿಗೆ ಒಡ್ಡಬೇಡಿ. ನಿತ್ರಾಣವಾದ ಮರಿ ಸುಟ್ಟರೂ ಸರಿದುಕೊಳ್ಳಲ್ಲ.

ಮೈ ಕೆಂಡದಂತೆ ಸುಡುತ್ತಾ, ಇಡೀ ಮೈ ಬಿಡದೆ ನಡುಗುತ್ತಿದ್ದರೆ ಕಥೆ ಬೇರೆ. ಆಗ ಕಂಬಳಿ ಸುತ್ತಬೇಡಿ. ಒದ್ದೆ ಬಟ್ಟೆಯಿಂದ ಹೊಟ್ಟೆ, ಪಾದ ಒರೆಸಿ, ಗಾಳಿ ಹಾಕಿ. ಐಸ್ ನೀರು ಬೇಡ. ತಕ್ಷಣ ವಿಷದ ಕಡೆ ಯೋಚಿಸಿ.

ತೋಟದ ಮನೆಯಲ್ಲಿ ವಿಷಕ್ಕೆ ಬರವಿಲ್ಲ. ಬಸವನಹುಳಕ್ಕೆ ಅಂತ ತೋಟಕ್ಕೆ ಹಾಕುವ ಮೆಟಾಲ್ಡಿಹೈಡ್ ಗುಳಿಗೆ ಎಲ್ಲಕ್ಕಿಂತ ಕೆಟ್ಟದ್ದು. ನಾಯಿಗೆ ಅದರ ರುಚಿ ಇಷ್ಟ. ತಿಂದರೆ ನಡುಕ, ಸುಡುವ ಜ್ವರ, ಫಿಟ್ಸ್. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವಾಗ ಬಕೆಟ್ಟಿನಲ್ಲಿ ಉಳಿದ ಮೈಲುತುತ್ತದ ನೀರು ಇನ್ನೊಂದು, ಕುಡಿದರೆ ವಾಂತಿ, ಹೊಟ್ಟೆ ಸುಡುತ್ತೆ. ಸುಗ್ಗಿಯಲ್ಲಿ ಅಂಗಳದ ತುಂಬ ಹಸಿ ಅಡಿಕೆ. ಹಲ್ಲು ಬರುವ ಮರಿಗೆ ಕಚ್ಚೋಕೆ ಅದೇ ಬೇಕು. ಅಡಿಕೆಯ ಅರಿಕೋಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳಕ್ಕೆ ಔಷಧಿಯಾಗಿ ಕೊಡುತ್ತಿದ್ದರು. ಪ್ರಮಾಣ ಮೀರಿದರೆ ಜೊಲ್ಲು, ಭೇದಿ, ನಡುಕ ಬರುವಷ್ಟು ಜೋರು ಅದು. ನೆಲಗಪ್ಪೆಯನ್ನ ಕಚ್ಚಿದ ಮರಿ ಬಾಯಿ ತುಂಬ ನೊರೆ ಕಾರುತ್ತೆ. ಒದ್ದೆ ಬಟ್ಟೆಯಿಂದ ಒಸಡು, ನಾಲಿಗೆ ಚೆನ್ನಾಗಿ ಒರೆಸಿ ತೆಗೆಯಿರಿ.

ವಿಷ ತಿಂದಿದೆ ಅಂತ ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋ ಪದ್ಧತಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ. ಉಪ್ಪೇ ಅದಕ್ಕೆ ಇನ್ನೊಂದು ವಿಷ, ಮಂಪರಿನಲ್ಲಿದ್ದರೆ ವಾಂತಿ ಶ್ವಾಸಕೋಶಕ್ಕೆ ಹೋಗುತ್ತೆ. ಪ್ಯಾಕೆಟ್ ಸಿಕ್ಕರೆ ಅದನ್ನೇ ಎತ್ತಿಕೊಂಡು ಹೊರಡಿ. ನಮ್ಮ ಜ್ವರದ ಮಾತ್ರೆಯಲ್ಲಿ ಕಾಲು ಭಾಗ ಕೊಡೋದು, ದೊಡ್ಡ ನಾಯಿಯ ಉಣುಗಿನ ಔಷಧಿಯನ್ನ ಮರಿಗೂ ಹಚ್ಚೋದು, ಇವೂ ವಿಷ ಹಾಕಿದ ಹಾಗೇ.

ಹುಳದ ವಿಷಯಕ್ಕೆ ಬರೋಣ. ದುಂಡುಹುಳು ಮರಿಗೆ ತಾಯಿಯ ಹೊಟ್ಟೆಯಲ್ಲೇ ಬಂದಿರುತ್ತೆ. ಮೈ ಬಡಕಲು, ಹೊಟ್ಟೆ ಮಾತ್ರ ಗುಡಾಣ ಅಂದರೆ ಅದೇ. ಕೊಕ್ಕೆಹುಳು ರಕ್ತ ಹೀರಿ ಒಸಡು ಬಿಳಿ ಮಾಡುತ್ತೆ. ಎರಡು ವಾರದ ವಯಸ್ಸಿನಿಂದ ಎರಡು ವಾರಕ್ಕೊಮ್ಮೆ ಹುಳದ ಔಷಧಿ ಬೀಳಬೇಕು, ತೂಕ ನೋಡಿ, ಡಾಕ್ಟರು ಹೇಳಿದಷ್ಟೇ.

ವಾಂತಿ, ಆಮೇಲೆ ಗಬ್ಬುವಾಸನೆಯ ರಕ್ತಭೇದಿ ಶುರುವಾದರೆ ಪಾರ್ವೋ ವೈರಸ್ ಅಂತಲೇ ತಿಳಿದು ಓಡಿ. ನಾಳೆ ನೋಡೋಣ ಅನ್ನೋ ಹಾಗಿಲ್ಲ. ಎರಡು ಮೂರು ದಿನದಲ್ಲಿ ಜೀವ ಹೋಗುವ ಕಾಯಿಲೆ ಅದು. ಡ್ರಿಪ್ಸ್ ಬೇಕೇ ಬೇಕು. ದಾಳಿಂಬೆ ಸಿಪ್ಪೆ ಕಷಾಯದಲ್ಲಿ ವಾಸಿಯಾಗಲ್ಲ. ಕಣ್ಣು ಮೂಗಿನಲ್ಲಿ ಗೊಣ್ಣೆ, ಕೆಮ್ಮು, ಆಮೇಲೆ ಏನೋ ಅಗಿಯುತ್ತಿರುವಂತೆ ದವಡೆ ಅದುರೋದು ಇದ್ದರೆ ಡಿಸ್ಟೆಂಪರ್ ಅನ್ನೋ ವೈರಸ್ ಕಾಯಿಲೆ ಇರಬಹುದು. ಅದರ ಅದುರು ನಿದ್ದೆಯಲ್ಲೂ ನಿಲ್ಲಲ್ಲ. ಬದುಕಿದರೂ ಕೆಲವು ಮರಿಗಳಿಗೆ ಅದು ಜೀವನಪೂರ್ತಿ ಉಳಿಯುತ್ತೆ. ಎರಡಕ್ಕೂ ಲಸಿಕೆ ಇದೆ. ಆರರಿಂದ ಎಂಟು ವಾರಕ್ಕೆ ಶುರು, ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರದವರೆಗೆ. ಒಂದು ಹಾಕಿಸಿ ಕಾರ್ಡು ಕಪಾಟಿಗೆ ಎಸೆದರೆ ಏನೂ ಪ್ರಯೋಜನ ಇಲ್ಲ.

ಊಟ ಮಾಡಿದ ಮೇಲೆಯೇ ಪ್ರತಿ ಸಲ ಮಂಕಾಗಿ ಫಿಟ್ಸ್ ಬಂದರೆ ಅದನ್ನ ಡಾಕ್ಟರಿಗೆ ಒತ್ತಿ ಹೇಳಿ. ಯಕೃತ್ತಿನ ರಕ್ತನಾಳದ ಹುಟ್ಟುದೋಷ ಇರಬಹುದು. ತಲೆ ಗುಮ್ಮಟದಂತಿದ್ದು ನೆತ್ತಿ ಮೆತ್ತಗಿದ್ದರೆ ತಲೆಯಲ್ಲಿ ನೀರು ತುಂಬಿರಬಹುದು. ಚಿವಾವಾದಂಥ ಜಾತಿಗಳಲ್ಲಿ ಇದು ಉಂಟು.

ಬೀದಿಯಿಂದ ಎತ್ತಿಕೊಂಡು ಬಂದ ಮರಿಯಾದರೆ ಇನ್ನೊಂದು ಎಚ್ಚರ. "ಮರಿ ಅಲ್ವಾ, ಇದಕ್ಕೆಂಥ ಹುಚ್ಚು" ಅಂತ ಸದರ ಮಾಡಬೇಡಿ. ಹುಚ್ಚುನಾಯಿ ಕಚ್ಚಿದ್ದರೆ ಮರಿಗೂ ರೇಬಿಸ್ ಬರುತ್ತೆ, ಫಿಟ್ಸೂ ಬರುತ್ತೆ. ಗ್ಲೌಸ್ ಹಾಕಿ ಮುಟ್ಟಿ. ಹಲ್ಲು ತಾಗಿದರೆ, ಗಾಯಕ್ಕೆ ಜೊಲ್ಲು ಬಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು, ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ ಇಂಜೆಕ್ಷನ್ ಶುರು ಮಾಡಿಸಿ.

ಹೊರಡುವಾಗ ಒಂದು ರಟ್ಟಿನ ಪೆಟ್ಟಿಗೆ, ಹಳೇ ಸೀರೆಯ ತುಂಡು, ಸಿಹಿಯ ಬಾಟಲಿ, ಲಸಿಕೆ ಕಾರ್ಡು. ಮೊದಲೇ ಫೋನ್ ಮಾಡಿ ಡಾಕ್ಟರು ಇದ್ದಾರಾ ಕೇಳಿ. ವಯಸ್ಸು, ತೂಕ, ಕೊನೆಯ ಊಟ ಎಷ್ಟು ಹೊತ್ತಿಗೆ, ಫಿಟ್ಸ್ ಎಷ್ಟು ನಿಮಿಷ, ಎಷ್ಟು ಸಲ, ಇಷ್ಟನ್ನ ಒಂದೇ ಉಸಿರಿನಲ್ಲಿ ಹೇಳುವಂತಿರಿ. ಫಿಟ್ಸ್ ನಿಂತ ಮೇಲೆ ಸ್ವಲ್ಪ ಹೊತ್ತು ಮರಿ ಕಣ್ಣು ಕಾಣದ ಹಾಗೆ ಸುತ್ತಬಹುದು, ಗೋಡೆಗೆ ಗುದ್ದಬಹುದು. ಅದು ಇಳಿಯುತ್ತೆ. ಒಂದೇ ದಿನ ಎರಡನೇ ಸಲ ಬಂದರಂತೂ ಯಾವ ಹೊತ್ತಾದರೂ ಸರಿ, ಡಾಕ್ಟರನ್ನ ಎಬ್ಬಿಸಿಯಾದರೂ ತೋರಿಸಿ.

ವಾಪಸ್ ಬಂದ ಮೇಲೆ ಊಟದ ಲೆಕ್ಕ. ನಾಲ್ಕು ತಿಂಗಳಾಗುವವರೆಗೆ ಮೂರು ನಾಲ್ಕು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ, ಮಲಗುವ ಮುಂಚೆ ಒಂದು, ಬೆಳಕು ಹರಿಯುವಾಗ ಒಂದು. ಮರಿಗಳಿಗೆಂದೇ ಮಾಡಿದ ಆಹಾರವನ್ನ ಬಿಸಿನೀರಿನಲ್ಲಿ ನೆನೆಸಿ ಕೊಡಿ. ಬೇಯಿಸಿದ ಮೊಟ್ಟೆ, ಕೋಳಿ ಆಗುತ್ತೆ. ನಮ್ಮ ಮನೆಯಲ್ಲಿ ಕೋಳಿ ಒಳಗೆ ಬರಲ್ಲ, ಹಾಗಾಗಿ ಚುಕ್ಕಿಯ ತಟ್ಟೆ ಕೊಟ್ಟಿಗೆ ಕಟ್ಟೆ ಮೇಲೆ. ಬರೀ ಹಾಲು ಅನ್ನ ಹಾಕಿದರೆ ಹೊಟ್ಟೆ ತುಂಬಿದಂತೆ ಕಾಣುತ್ತೆ, ಎಷ್ಟೋ ಮರಿಗಳಿಗೆ ಹಸುವಿನ ಹಾಲು ಭೇದಿ ಮಾಡಿಸುತ್ತೆ, ಮತ್ತೆ ಸಕ್ಕರೆ ಇಳಿಯುತ್ತೆ. ದಿನಾ ಅದೇ ಹೊತ್ತಿಗೆ ತೂಗಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ. ತೂಕ ಏರದೇ ನಿಂತರೆ, ಇಳಿದರೆ, ಮರಿ ಇನ್ನೂ ಆಡುತ್ತಿದ್ದರೂ ಡಾಕ್ಟರಿಗೆ ಫೋನ್ ಮಾಡುವ ಹೊತ್ತು ಬಂದಿದೆ.

ಪಾರ್ವೋದಲ್ಲಿ ಮರಿ ಹೋದ ಮನೆಯವರು ಬೇಸರಕ್ಕೆ ಕೂಡಲೇ ಇನ್ನೊಂದನ್ನು ತರುತ್ತಾರೆ. ಆ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತೆ, ಫಿನಾಯಿಲ್‌ಗೆ ಬಗ್ಗಲ್ಲ. ಮೊದಲು ಸೋಪಿನಲ್ಲಿ ತಿಕ್ಕಿ ತೊಳೆಯಿರಿ. ಆಮೇಲೆ ಮೂವತ್ತು ಪಾಲು ನೀರಿಗೆ ಒಂದು ಪಾಲು ಬ್ಲೀಚ್ ಬೆರೆಸಿ ನೆಲಕ್ಕೆ ಹಾಕಿ, ಹತ್ತು ನಿಮಿಷ ಒದ್ದೆಯಾಗೇ ಬಿಡಿ. ಮಣ್ಣಿನ ಅಂಗಳಕ್ಕೆ ಇದು ಸಾಲದು. ಅಲ್ಲಿಗೆ ಲಸಿಕೆ ಪೂರ್ತಿಯಾದ ನಾಯಿಯನ್ನೇ ತನ್ನಿ.