ಹೆಜ್ಜೆ ಮೆಟ್ಟಾಹು: ಕನ್ನಡ ಹಿಡಿದು ಅಂಹರಿಕ್ ಕಲಿತದ್ದು

2009ರಲ್ಲಿ ಗಣಿತ ಪಾಠ ಮಾಡಲು ಇಥಿಯೋಪಿಯಾದ ಬಹಿರ್ ದಾರ್‌ಗೆ ಹೋದೆ. ಆಗ ಅಲ್ಲಿ ಹೊಸ ವಿಶ್ವವಿದ್ಯಾಲಯಗಳು ಶುರುವಾಗುತ್ತಿದ್ದವು. ಭಾರತದಿಂದ ತುಂಬಾ ಮೇಷ್ಟ್ರುಗಳು ಹೋಗುತ್ತಿದ್ದರು. ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಆದರೆ ಸಂತೆಯಲ್ಲಿ, ಆಟೋದಲ್ಲಿ, ಬಾಡಿಗೆ ಮನೆಯ ಅಂಗಳದಲ್ಲಿ ಎಲ್ಲಾ ಅಂಹರಿಕ್. ಅರಬ್ಬಿ, ಹೀಬ್ರೂ ಇರುವ ಸೆಮಿಟಿಕ್ ಬಳಗದ ಭಾಷೆ ಅದು. ಆ ಬಳಗದಲ್ಲಿ ಅರಬ್ಬಿ ಬಿಟ್ಟರೆ ಜಾಸ್ತಿ ಜನ ಆಡುವುದು ಇದನ್ನೇ.

ಮೊದಲ ಆರು ತಿಂಗಳು ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ಕಲಿಯಲು ನೋಡಿದೆ. ತಲೆಗೆ ಹತ್ತಲಿಲ್ಲ. ದಾರಿ ತೋರಿಸಿದ್ದು ಮಕ್ಕಳಿಗೆ ಅಂತ ಮಾರುವ ಒಂದು ಅಕ್ಷರದ ಚಾರ್ಟು. ಆ ಲಿಪಿಗೆ ಫಿದೆಲ್ ಅನ್ನುತ್ತಾರೆ. ಸುಮಾರು 33 ಸಾಲು, ಸಾಲಿಗೆ ಏಳು ಅಕ್ಷರ. ಗೋಡೆಗೆ ಅಂಟಿಸಿ ಒಂದು ಸಾಲು ಗಟ್ಟಿಯಾಗಿ ಓದಿದೆ: ಬೆ, ಬು, ಬಿ, ಬಾ, ಬೇ, ಬ್, ಬೋ. ಇದು ನಮ್ಮ ಕಾಗುಣಿತ ಅಲ್ವಾ?

ಬೆ ಅಕ್ಷರ ಎರಡು ಕಾಲಿನ ಬಾಗಿಲ ಚೌಕಟ್ಟಿನ ಹಾಗಿದೆ. ಬಲಗಾಲಿನ ನಡುವೆ ಒಂದು ಗೀಟು ಎಳೆದರೆ ಬು. ಆ ಗೀಟು ಪಾದಕ್ಕೆ ಇಳಿದರೆ ಬಿ. ಪಾದದಲ್ಲಿ ಪುಟ್ಟ ಸುರುಳಿ ಹಾಕಿದರೆ ಬೇ. ಕೊಂಬು, ಗುಡಿಸು ಕಲಿತ ಕೈಗೆ ಇದು ಹೊಸದೇನಲ್ಲ. ಅರಬ್ಬಿ, ಹೀಬ್ರೂ ಬರಹದಲ್ಲಿ ಸ್ವರಗಳನ್ನು ಬಹುಪಾಲು ಓದುವವರೇ ತುಂಬಿಕೊಳ್ಳಬೇಕು. ಇಥಿಯೋಪಿಯಾದವರೂ ಮೊದಲು ಹಾಗೇ ಬರೆಯುತ್ತಿದ್ದರು. 4ನೇ ಶತಮಾನದಲ್ಲಿ ಅಕ್ಸುಮಿನ ದೊರೆ ಎಜಾನಾನ ಕಾಲದ ಶಾಸನಗಳಲ್ಲಿ ಸ್ವರದ ಗುರುತುಗಳು ಕಾಣಿಸಿಕೊಂಡವು. ಆ ಶಾಸನಗಳ ಭಾಷೆ ಗೀಝ್. ಇವತ್ತು ಅದು ಯಾರ ಮನೆಮಾತೂ ಅಲ್ಲ, ಮುಖ್ಯವಾಗಿ ಚರ್ಚಿನ ಪೂಜೆಯಲ್ಲಿ ಉಳಿದಿದೆ.

ಅಕ್ಷರ ಬಂದ ಮೇಲೆ ಬೋರ್ಡು ಓದುತ್ತಾ ಬೀದಿ ಸುತ್ತಿದೆ. ಬೇತ್ ಅಂದರೆ ಮನೆ. ಅರಬ್ಬಿಯಲ್ಲಿ ಬೈತ್, ಹೀಬ್ರೂನಲ್ಲಿ ಬಯಿತ್. ಶಾಯ್ ಬೇತ್ ಚಹಾದಂಗಡಿ, ತಿಮ್ಹಿರ್ತ್ ಬೇತ್ ಶಾಲೆ, ಮೆದ್ಹಾನಿತ್ ಬೇತ್ ಔಷಧದ ಅಂಗಡಿ. ಈ ಕೊನೆಯದರ ಮುಂದೆ ಒಂದು ದಿನ ತುಂಬಾ ಹೊತ್ತು ನಿಂತಿದ್ದೆ. ಊರಿನಲ್ಲಿ ಚರ್ಚಿಗೆ ಮೆದ್ಹಾನೆ ಆಲೆಮ್ ಅಂತ ಹೆಸರಿತ್ತು, ಲೋಕವನ್ನು ಕಾಪಾಡುವವನು ಅಂತ ಅರ್ಥ. ಕಾಯಿಲೆ ವಾಸಿಯಾದರೆ 'ದಾನೆ' ಅನ್ನುತ್ತಾರೆ. ಔಷಧ, ವಾಸಿಯಾಗುವುದು, ಕಾಪಾಡುವವನು ಮೂರೂ ಒಂದೇ ಬೇರು. ದ, ಹ, ನ ಎಂಬ ಮೂರು ವ್ಯಂಜನ ನಿಲ್ಲುತ್ತವೆ, ಸುತ್ತ ಸ್ವರ ಬದಲಾಗುತ್ತದೆ, ಮುಂದೆ ಒಂದು 'ಮೆ' ಸೇರುತ್ತದೆ. ಆಡುಮಾತಿನಲ್ಲಿ ಹಕಾರ ಸವೆದು 'ದಾನೆ' ಆಗಿದೆ, ಅಷ್ಟೆ. ಸೆಮಿಟಿಕ್ ಭಾಷೆಗಳ ಗುಟ್ಟು ಇದೇ. ಅಂದಿನಿಂದ ಪದಗಳನ್ನು ಒಂದೊಂದಾಗಿ ಬಾಯಿಪಾಠ ಮಾಡುವುದು ಬಿಟ್ಟು, ಬೇರಿಗೊಂದು ಪುಟದಂತೆ ಬರೆದಿಟ್ಟೆ.

ಆದರೆ ನನಗೆ ಬಾಯಿ ಬಿಡಿಸಿದ್ದು ಪದಗಳಲ್ಲ, ವಾಕ್ಯ. ನನ್ನ ಇಂಗ್ಲಿಷ್ ಪುಸ್ತಕ ಪ್ರತಿ ವಾಕ್ಯವನ್ನೂ ಹಿಂದುಮುಂದು ಮಾಡಿ ವಿವರಿಸುತ್ತಿತ್ತು. ಒಂದು ಸಂಜೆ ಅದನ್ನು ಮುಚ್ಚಿಟ್ಟು, ಕೇಳಿದ ಮಾತಿನ ಕೆಳಗೆ ಕನ್ನಡ ಬರೆದೆ. 'ಇನೇ ವುಹಾ ಟೆಟ್ಟಾಹು.' ನಾನು ನೀರು ಕುಡಿದೆ. ಪದಕ್ಕೆ ಪದ ಕೂತಿತು. 'ಹೆಜ್ಜೆ ಮೆಟ್ಟಾಹು.' ಹೋಗಿ ಬಂದೆ. ನಮ್ಮ 'ಹೋಗಿ' ಯಾರು ಹೋದರೂ ಹೋಗಿಯೇ. ಅವರದು ಬದಲಾಗುತ್ತದೆ: ನಾನಾದರೆ ಹೆಜ್ಜೆ, ಅವನಾದರೆ ಹೇದೊ, ಅವಳಾದರೆ ಹೇದಾ. ಆಮೇಲೆ ಇದು ಸಿಕ್ಕಿತು: 'ಇಮೆಟಾಲೆಹು ಬಿಲೊ ಹೇದೆ.' ಬರ್ತೀನಿ ಅಂತ ಹೋದ. ಬಿಲೊ ಅಂದರೆ 'ಅಂದು', ನಮ್ಮ 'ಅಂತ' ಮಾಡುವ ಕೆಲಸವನ್ನೇ ಮಾಡುತ್ತದೆ. ಸುಮ್ಮನಿರು ಅನ್ನಲು 'ಝಿಮ್ ಬೆಲ್', ಅಂದರೆ ಝಿಮ್ ಅನ್ನು. ನಾವು ಥಟ್ ಅಂತ, ಸರ್ರ್ ಅಂತ ಅನ್ನುವ ಹಾಗೆ. ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ.

ಅರಬ್ಬಿಯಲ್ಲಿ, ಹಳೆಯ ಗೀಝಿನಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಮೊದಲು ಬರುತ್ತದೆ. ಅಂಹರಿಕ್‌ನಲ್ಲಿ ಕೊನೆಗೆ ಹೋದದ್ದು ಕುಶಿಟಿಕ್ ಅನ್ನುವ ಬೇರೊಂದು ಬಳಗದ, ಅಗವ್‌ನಂಥ ಭಾಷೆಯವರ ಜೊತೆ ಸಾವಿರಾರು ವರ್ಷ ಬಾಳಿದ್ದರಿಂದ ಅಂತ ಭಾಷಾ ವಿದ್ವಾಂಸರು ಹೇಳುತ್ತಾರೆ. ಬೇರು ಒಂದು ಬಳಗದ್ದು, ವಾಕ್ಯದ ನಡಿಗೆ ನೆರೆಯವರದ್ದು. ಸೆಮಿಟಿಕ್ ಅನ್ನುವ ಹೆಸರನ್ನು 1781ರಲ್ಲಿ ಜರ್ಮನಿಯ ವಿದ್ವಾಂಸ ಶ್ಲೋಜರ್ ಬೈಬಲಿನ ನೋಹನ ಮಗ ಶೇಮನ ಹೆಸರಿನಿಂದ ಮಾಡಿದ. ಅದನ್ನು ಭಾಷೆಗಳ ಹೆಸರು ಅಂತ ನೋಡಬೇಕು, ರಕ್ತದ ಹೆಸರು ಅಂತ ನೋಡಬಾರದು. ಅಂಗಳದಲ್ಲಿ ಕೂತು ಮಾತು ಕೇಳಿದವನಾಗಿ ಇದನ್ನು ಗಟ್ಟಿಯಾಗಿ ಹೇಳುತ್ತೇನೆ.

ಕನ್ನಡ ಕೈಕೊಡುವ ಜಾಗಗಳೂ ಇವೆ. ಫಿದೆಲ್‌ನಲ್ಲಿ ಒತ್ತಕ್ಷರವಿಲ್ಲ. 'ಅಲೆ' ಅಂದರೆ ಅಂದ, 'ಅಲ್ಲೆ' ಅಂದರೆ ಇದ್ದಾನೆ. ಬರಹದಲ್ಲಿ ಎರಡೂ ಒಂದೇ, ಮಾತಿನ ಸಂದರ್ಭ ನೋಡಿ ಓದಬೇಕು. ಇನ್ನೊಂದು, ಗಂಟಲು ಬಿಗಿಹಿಡಿದು ಪಟ್ ಅಂತ ಬಿಡುವ ವ್ಯಂಜನಗಳು. ನಾನಿಲ್ಲಿ ಟ ಅಂತ ಬರೆದದ್ದು ನಮ್ಮ ಟ ಅಲ್ಲ, ಅಂಥದ್ದೊಂದು ತಕಾರ. ಮೆಟ್ಟಾ ಅಂದರೆ ಬಂದ, ಮೆತ್ತಾ ಅಂದರೆ ಹೊಡೆದ. ನಮ್ಮ ಮಹಾಪ್ರಾಣದಲ್ಲಿ ಉಸಿರು ಹೊರಗೆ ನುಗ್ಗುತ್ತದೆ, ಇಲ್ಲಿ ಉಸಿರು ತಡೆಯಬೇಕು. ವಿದ್ಯಾರ್ಥಿಯೊಬ್ಬ ದಿನಾ ಹತ್ತು ನಿಮಿಷ ಹೇಳಿಸಿದ. ಮೂರು ತಿಂಗಳು ಹಿಡಿಯಿತು.

ಮಿಕ್ಕದ್ದನ್ನೆಲ್ಲ ಕಲಿಸಿದ್ದು ಮನೆಯ ಒಡತಿ. ಸಂಜೆ ಹಸಿ ಕಾಫಿಬೀಜ ಹುರಿದು, ಕುಟ್ಟಿ, ಜೆಬೆನಾ ಅನ್ನುವ ಮಣ್ಣಿನ ಕೂಜೆಯಲ್ಲಿ ಕುದಿಸುತ್ತಿದ್ದರು. 'ಕುಚ್ ಯಿಬೆಲು' ಅಂತ ಕೂರಿಸುತ್ತಿದ್ದರು. ಅದು ಗೌರವದ ಬಹುವಚನ, ನಮ್ಮ 'ಕೂತ್ಕೊಳ್ಳಿ' ಇದ್ದ ಹಾಗೆ. ಒಂದೇ ಪುಡಿಯಲ್ಲಿ ಮೂರು ಸುತ್ತು ಕಾಫಿ. ಮೊದಲನೆಯದು ಅಬೋಲ್, ಎರಡನೆಯದು ತೋನಾ, ಮೂರನೆಯದು ಬೆರೆಕಾ. ಬೆರೆಕಾ ಅಂದರೇನು ಅಂತ ಕೇಳಿದೆ. ಆಕೆ ಆಕಾಶದ ಕಡೆ ಕೈ ತೋರಿಸಿ, ಆಮೇಲೆ ಮಕ್ಕಳ ತಲೆ ಮುಟ್ಟಿದರು. ನನಗೆ ಅಜ್ಜಿ ನೆನಪಾದಳು. 'ಆ ದುಡ್ಡು ಬರಕತ್ತಾಗಲ್ಲ ಕಣೋ' ಅನ್ನುತ್ತಿದ್ದಳು. ಅರಬ್ಬಿಯ ಬರಕತ್, ಹೀಬ್ರೂನ ಬೆರಾಖಾ, ಈ ಮೂರನೇ ಲೋಟ, ಅಜ್ಜಿಯ ಬಾಯಿಯ ಬರಕತ್ತು, ಎಲ್ಲಾ ಒಂದೇ ಬ, ರ, ಕ. ನಮ್ಮೂರಲ್ಲೂ ಈ ಮಾತಿದೆ, ಬರಕತ್ತು ಅನ್ನುತ್ತೇವೆ ಅಂತ ನನಗೆ ಬಂದ ಅಂಹರಿಕ್‌ನಲ್ಲಿ ಹೇಳಿದೆ. ಆಕೆ ಎರಡು ಸಲ 'ಬರಕತ್ತು, ಬರಕತ್ತು' ಅಂತ ಹೇಳಿ ನೋಡಿ, ನನ್ನ ಲೋಟ ತುಂಬಿಸಿದರು.